ಮಾತಾಡಿಸದೆ ಬಿಟ್ಟ ಆಳು

ಫೆಬ್ರವರಿ ಹದಿಮೂರು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸ್ಟಾಬ್‌ರಿಗ್ ಜಮೀನಿನ ಯಜಮಾನ ಕಾಲ್ಡರ್ ಕುದುರೆ ಲಾಯದ ಮುಂದೆ ನಿಂತು ತನ್ನ ಆರು ಜನ ಉಳುವ ಆಳುಗಳ ಪೈಕಿ ಐವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದ. ಆರನೆಯವನಾದ ಆಡಮ್ ಪರ್ವಿಸ್‌ನನ್ನು ಕರೆಯಲಿಲ್ಲ.

ಬೆರಿಕ್‌ಷೈರ್ ಜಿಲ್ಲೆಯಲ್ಲಿ ಇದಕ್ಕೆ ಒಂದೇ ಅರ್ಥ. ಆಳಿನ ಕರಾರು ಮೇ ಇಪ್ಪತ್ತೆಂಟರಿಂದ ಮುಂದಿನ ಮೇ ಇಪ್ಪತ್ತೆಂಟರವರೆಗೆ. ಇನ್ನೊಂದು ವರ್ಷ ಇರಲಿ ಎಂದು ಯಜಮಾನನಿಗೆ ಅನ್ನಿಸಿದರೆ ಚಳಿಗಾಲ ಮುಗಿಯುವ ಮೊದಲು ಅವನೇ ಬಂದು ಮಾತಾಡಿಸುತ್ತಾನೆ. ಮಾತಾಡಿಸದಿದ್ದರೆ ಆಳು ಮಾರ್ಚ್ ಮೊದಲ ಮಂಗಳವಾರ ಡನ್ಸ್ ಪೇಟೆಯ ಕೂಲಿ ಸಂತೆಗೆ ಹೋಗಿ ಬೇರೆ ಜಾಗ ನೋಡಿಕೊಳ್ಳುತ್ತಾನೆ. ಹೊರಡು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾಕೆ ಎಂದು ಯಾರೂ ಕೇಳುವುದೂ ಇಲ್ಲ.

ಆಡಮ್ ಮಧ್ಯಾಹ್ನ ಊಟಕ್ಕೆ ಬಂದಾಗ ಅವನ ಹೆಂಡತಿ ಇಸ್ಬೆಲ್ ಆಲೂಗಡ್ಡೆ ಬೇಯಿಸಿದ ನೀರನ್ನು ಹಿತ್ತಿಲಲ್ಲಿ ಬಸಿಯುತ್ತಿದ್ದಳು. ಅವನು ಬೂಟು ಕಳಚಿ ಬೆಂಚಿನ ಮೇಲೆ ಕೂತು ಉಪ್ಪು ಮೀನು ಬಿಡಿಸಿಕೊಂಡು ತಿನ್ನತೊಡಗಿದ. ಮುಳ್ಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ. ಹಿಂದೆಯೇ ಮಗಳು ಏಲಿ ಬಂದಳು. ಹತ್ತೊಂಬತ್ತರ ಹುಡುಗಿ, ಅದೇ ಜಮೀನಿನಲ್ಲಿ ಹೆಣ್ಣಾಳು. ಬೆಳಗಿನಿಂದ ಹೆಪ್ಪುಗಟ್ಟಿದ ಟರ್ನಿಪ್ ಗಡ್ಡೆ ಕಿತ್ತು ಅವಳ ಬೆರಳ ಗಿಣ್ಣುಗಳು ಒಡೆದಿದ್ದವು.

"ಹೇಳಲ್ವಾ ಅಪ್ಪ?" ಎಂದಳು, ತಲೆವಸ್ತ್ರ ಬಿಚ್ಚುತ್ತ.

"ಏನ್ ಹೇಳೋದು? ಏನೂ ಆಗಿಲ್ಲ."

"ಅದೇ ಆಗಿರೋದು. ಅವ್ವ, ಯಜಮಾನರು ಎಲ್ಲರನ್ನೂ ಮಾತಾಡಿಸಿದ್ರು. ಟೇಟ್‌ನ, ಡಿಕ್ಸನ್‌ನ, ಆ ಕುಡುಕ ಮ್ಯಾಕ್‌ನ ಕೂಡ. ಅಪ್ಪ ಅಲ್ಲೇ ಕುದುರೆ ಮೈ ಉಜ್ಜುತಾ ನಿಂತಿದ್ದ. ಅವನ ಮುಂದೇನೇ ಹೋದ್ರು, ತಿರುಗಿ ನೋಡಲಿಲ್ಲ."

"ನೋಡಿದ್ರು," ಎಂದ ಆಡಮ್. "ಚಳಿ ಜಾಸ್ತಿ ಅಲ್ವಾ ಪರ್ವಿಸ್, ಅಂದ್ರು."

ಒಲೆ ಪಕ್ಕದ ಕುರ್ಚಿಯಿಂದ ಆಡಮ್‌ನ ತಾಯಿ ಬೀನಿ ನಕ್ಕಳು. ಎಪ್ಪತ್ತೆಂಟರ ಮುದುಕಿ, ಕಾಲು ಬಿದ್ದುಹೋಗಿದ್ದರೂ ಕಿವಿ ಚುರುಕು. "ಚಳಿ ವಿಚಾರ ನಾಯಿ ಹತ್ರಾನೂ ಮಾತಾಡ್ತಾರೆ ಕಣೋ."

ಇಸ್ಬೆಲ್ ಪಾತ್ರೆ ಹಿಡಿದುಕೊಂಡೇ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. "ನೀನೇನು ಮಾಡ್ದೆ?"

"ಏನೂ ಮಾಡ್ಲಿಲ್ಲ."

"ಏನೋ ಮಾಡಿರಬೇಕು. ಆರು ವರ್ಷ ಆಯ್ತು ಇಲ್ಲಿಗೆ ಬಂದು. ಹಳೇ ಯಜಮಾನರು ಪ್ರತಿ ವರ್ಷ ಮೊದಲು ನಿನ್ನ ಹತ್ರಾನೇ ಬರ್ತಿದ್ರು."

"ಹಳೇ ಯಜಮಾನರು ಸತ್ರಲ್ಲ. ಇವರಿಗೆ ಐವತ್ತನಾಲ್ಕು ವರ್ಷದ ಆಳು ಬೇಡ. ಅಷ್ಟೇ." ಆಡಮ್ ಎದ್ದು ಬೂಟು ಹಾಕಿಕೊಂಡ. ಆಲೂಗಡ್ಡೆ ಮುಟ್ಟಿರಲಿಲ್ಲ.

ಊರು ಬಿಡುವುದು ಇಸ್ಬೆಲ್‌ಗೆ ಹೊಸದೇನಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇದು ಐದನೆಯ ಜಮೀನು. ಪೆಟ್ಟಿಗೆ ಮಂಚಗಳನ್ನು ಯಾವ ಹಲಗೆಯಿಂದ ಮೊದಲು ಬಿಚ್ಚಬೇಕು, ಗಡಿಯಾರವನ್ನು ಯಾವ ಹಾಸಿಗೆಯಲ್ಲಿ ಸುತ್ತಬೇಕು ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಆದರೆ ಎರಡು ವರ್ಷದ ಹಿಂದೆ, ಸ್ಟಾಬ್‌ರಿಗ್‌ನಲ್ಲಿ, ಆರು ವರ್ಷದ ಮಗ ಡೇವಿ ಗಂಟಲುಬೇನೆಯಿಂದ ಸತ್ತಿದ್ದ. ಅವನನ್ನು ಒಂದು ಮೈಲಿ ಕೆಳಗಿನ ಹಳ್ಳಿಯ ಚರ್ಚಿನಂಗಳದಲ್ಲಿ, ಉತ್ತರದ ಗೋಡೆಗೆ ಹೊಂದಿಕೊಂಡು ಮಣ್ಣು ಮಾಡಿದ್ದರು. ಆಳುಗಳ ಮಕ್ಕಳಿಗೆ ಕಲ್ಲು ನೆಡುವ ರೂಢಿ ಇಲ್ಲ, ನೆಡಲು ಕೈಯಲ್ಲಿ ಹಣವೂ ಇರುವುದಿಲ್ಲ. ಯಾವ ದಿಬ್ಬ ಯಾರದು ಎಂಬುದು ಹತ್ತಿರದಲ್ಲಿರುವವರ ನೆನಪಿನಲ್ಲಿರುತ್ತದೆ. ಅವರು ಗಾಡಿ ಹತ್ತಿ ಹೋದ ಮೇಲೆ ಗುಂಡಿ ತೋಡುವವನಿಗೆ ಅದು ಖಾಲಿ ಜಾಗ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಇಸ್ಬೆಲ್ ಆ ಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಎರಡು ವರ್ಷದಲ್ಲಿ ತಪ್ಪಿಸಿದ್ದು ಒಂದೇ ಭಾನುವಾರ, ಹಿಮ ಬಾಗಿಲೆತ್ತರ ಬಿದ್ದ ದಿನ.

ಎರಡು ವಾರ ಕಾದರು. ಯಜಮಾನನಿಗೆ ಮರೆತಿರಬಹುದು, ನಾಳೆ ಕರೆಯಬಹುದು ಎಂದು ಇಸ್ಬೆಲ್. ಯಜಮಾನರು ಮರೆಯುವುದಿಲ್ಲ ಎಂದು ಆಡಮ್. ಆಳುಗಳಿಗೂ ಯಜಮಾನನಿಗೂ ನಡುವೆ ಇದ್ದ ಮೇಸ್ತ್ರಿ ಡಾಡ್ಸ್ ಕ್ರಿಸ್ಮಸ್‌ನಿಂದ ಎದೆಗಟ್ಟಿ ಮಲಗಿದ್ದ. ಅವನ ಮೂಲಕ ತಿಳಿದುಕೊಳ್ಳುವ ದಾರಿಯೂ ಇರಲಿಲ್ಲ. ಅಕ್ಕಪಕ್ಕದ ಮನೆಗಳವರು ಆ ವಿಷಯ ಎತ್ತಲೇ ಇಲ್ಲ. ಆಡಮ್ ಬಂದರೆ ಲಾಯದಲ್ಲಿ ಮಾತು ನಿಲ್ಲುತ್ತಿತ್ತು. ಮುಂದಿನ ವರ್ಷ ಯಾವ ಹೊಲಕ್ಕೆ ಏನು ಬಿತ್ತುವುದು ಎಂಬುದನ್ನು ಅವನ ಮುಂದೆ ಯಾರೂ ಆಡಲಿಲ್ಲ.

ಟೇಟ್‌ನ ಹೆಂಡತಿ ಮೆಗ್ ಹಂದಿ ಕಡಿಸಿದ ದಿನ ಒಂದು ಬಟ್ಟಲು ರಕ್ತದ ಕಡುಬು ತಂದುಕೊಟ್ಟಳು. ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು.

"ಬಿಸಿ ಇರುವಾಗಲೇ ತಿನ್ನಿ ಇಸ್ಬೆಲ್. ಈರುಳ್ಳಿ ಜಾಸ್ತಿ ಹಾಕಿದೀನಿ."

"ಇಷ್ಟೊಂದು ಯಾಕೆ ತಂದೆ?"

"ಇರಲಿ ಬಿಡು," ಎಂದು ಮೆಗ್ ನೆಲ ನೋಡಿ ಹೊರಟುಹೋದಳು.

"ಸಾವಿನ ಮನೆಗೆ ತಂದ ಹಾಗೆ ತಂದಿದಾಳೆ," ಎಂದಳು ಬೀನಿ. "ತಿನ್ನೋಣ ಬಾ. ಸತ್ತಿರೋದು ಯಾರು ಅಂತ ಆಮೇಲೆ ನೋಡಿದರಾಯ್ತು."

ಫೆಬ್ರವರಿ ಕೊನೆಯ ವಾರ ಇಸ್ಬೆಲ್ ನೀರಿಗೆ ಹೋದಾಗ ಕಾಲ್ಡರ್ ಪಂಪಿನ ಹತ್ತಿರ ಸಿಕ್ಕಿದ. ಲೀತ್ ಬಂದರಿನ ಕಾಳು ವ್ಯಾಪಾರಿಯ ಮಗ. ಮೂವತ್ತು ದಾಟಿರಲಿಲ್ಲ. ಹಿಂದಿನ ಬೇಸಿಗೆಯಲ್ಲಷ್ಟೇ ಈ ಜಮೀನನ್ನು ಗುತ್ತಿಗೆ ಹಿಡಿದಿದ್ದ. ಟೊಪ್ಪಿ ಎತ್ತಿ ನಿಂತ. ಹಳೆಯ ಯಜಮಾನ ಆಳಿನ ಹೆಂಡತಿಗೆ ಟೊಪ್ಪಿ ಎತ್ತಿದವನಲ್ಲ.

"ಮಿಸೆಸ್ ಪರ್ವಿಸ್, ನಿಮ್ಮ ಮನೆ ಛಾವಣಿ ಸೋರುತ್ತಂತೆ?"

"ಹಿತ್ತಿಲ ಕಡೆ ಒಂಚೂರು, ಸ್ವಾಮಿ."

"ಕಿಟಕಿ ಕೂಡ ಚಿಕ್ಕದು. ಒಳಗೆ ಬೆಳಕೇ ಬರಲ್ಲ ಅಲ್ವಾ?"

"ನಮಗೆ ಅಭ್ಯಾಸ ಆಗಿದೆ."

"ನೋಡೋಣ, ಏನಾದ್ರೂ ಮಾಡೋಣ," ಎಂದು ಕಾಲ್ಡರ್ ಅಲ್ಲೇ ನಿಂತ, ಇನ್ನೇನೋ ಮಾತು ಬರಲಿ ಎಂದು ಕಾಯುವವನಂತೆ. ಇಸ್ಬೆಲ್ ಕೊಡ ತುಂಬುವವರೆಗೂ ಪಂಪು ಒತ್ತಿದಳು. ತುಂಬಿದ ಮೇಲೆ ಕೊಡ ಎತ್ತಿಕೊಂಡು ಬಂದಳು.

ಆ ಸಂಜೆ ಗಂಜಿ ಬಡಿಸುತ್ತ ಇದನ್ನು ಹೇಳಿದಳು.

"ಮುಂದೆ ಬರೋರಿಗೆ ಮನೆ ಸರಿಮಾಡಿಸ್ತಾರೆ," ಎಂದಳು ಏಲಿ. "ಅಳತೆ ನೋಡೋಕೆ ಬಂದಿದ್ರು."

"ನಾನು ಕೇಳಿಬಿಡಬೇಕಿತ್ತು."

ಆಡಮ್ ಚಮಚ ಕೆಳಗಿಟ್ಟ. "ಏನನ್ನ?"

"ಯಾಕೆ ಮಾತಾಡಿಸಲಿಲ್ಲ ಅಂತ. ಬಾಯಿ ತುದಿಗೆ ಬಂದಿತ್ತು. ನಾಳೆ ಹೋಗಿ ಕೇಳ್ತೀನಿ."

"ಕೇಳು. ಕೇಳಿ ಅಲ್ಲೇ ಇರು. ಈ ಬಾಗಿಲಿಗೆ ಬರಬೇಡ."

"ಬಾಯಿಬಿಟ್ಟು ಕೇಳಿದ್ರೆ ಏನು ಹೋಗತ್ತೆ ನಿಂದು?"

"ನಮ್ಮಪ್ಪ ಕೇಳಲಿಲ್ಲ, ಅವರಪ್ಪ ಕೇಳಲಿಲ್ಲ. ಹೆಂಡತೀನ ಮುಂದೆ ಬಿಟ್ಟು ಜಾಗ ಉಳಿಸ್ಕೊಂಡೋನು ಅಂತ ಡನ್ಸ್ ಪೇಟೆಯಿಂದ ಕೋಲ್ಡ್‌ಸ್ಟ್ರೀಮ್‌ವರೆಗೂ ಹೇಳ್ಕೊಂಡು ನಗ್ತಾರೆ. ಕೇಳಿದ ಮೇಲೂ ಇವರು ಬೇಡ ಅಂದ್ರೆ? ಯಾರು ಕೂಲಿಗೆ ಇಟ್ಕೋತಾರೆ ನನ್ನ?"

"ಡೇವಿ ಇಲ್ಲಿದಾನೆ ಆಡಮ್."

ಬೀನಿ, "ನಾನು ನಾಲ್ಕು ಊರಲ್ಲಿ ಬಿಟ್ಟು ಬಂದಿದೀನಿ," ಎಂದಳು. "ಗಂಡ ಒಂದು ಕಡೆ, ಮಕ್ಕಳು ಮೂರು ಕಡೆ. ಇಬ್ಬರದು ಜಾಗ ಕೂಡ ನೆನಪಿಲ್ಲ."

"ನಿಮಗೆ ನೆನಪಿಲ್ಲ ಅಂತ ನನಗೂ ಮರೆತುಹೋಗಬೇಕಾ ಅತ್ತೆ?"

"ಹಾಗಂದ್ನಾ ನಾನು? ಹಾಗಾಗತ್ತೆ ಅಂದೆ. ಗಂಜಿ ಆರ್ತಾ ಇದೆ, ಉಣ್ಣು."

ಮಾರ್ಚ್ ಆರರಂದು ಆಡಮ್ ಭಾನುವಾರದ ಕೋಟು ಹಾಕಿಕೊಂಡು ಕೂಲಿ ಸಂತೆಗೆ ಹೊರಟ. ಏಲಿಯನ್ನೂ ಕರೆದುಕೊಂಡು ಹೋಗಲೇಬೇಕಿತ್ತು. ಈ ಕಡೆ ಉಳುವ ಆಳನ್ನು ಒಬ್ಬಂಟಿಯಾಗಿ ಇಟ್ಟುಕೊಳ್ಳುವುದಿಲ್ಲ. ಹೊಲದ ಕೆಲಸಕ್ಕೆ ಅವನ ಮನೆಯಿಂದ ಒಬ್ಬ ಹೆಣ್ಣಾಳು ಬರಬೇಕು. ಮನೆಯಲ್ಲಿ ಹೆಣ್ಣಿಲ್ಲದವನು ಹೊರಗಿನವಳನ್ನು ಕೂಲಿಗೆ ಹಿಡಿದು ತನ್ನ ಒಂದೇ ಕೋಣೆಯ ಮನೆಯಲ್ಲಿ ಇರಿಸಿಕೊಳ್ಳಬೇಕು. ಗಟ್ಟಿಮುಟ್ಟಾದ ಮಗಳಿರುವ ಆಳಿಗೆ ಬೇಗ ಜಾಗ ಸಿಗುತ್ತದೆ.

ಅವರು ತಿರುಗಿ ಬಂದಾಗ ದೀಪ ಹಚ್ಚಿಯಾಗಿತ್ತು. ಆಡಮ್ ನೇರವಾಗಿ ಹಂದಿಗೆ ಮೇವು ಹಾಕಲು ಹಿತ್ತಿಲಿಗೆ ಹೋದ. ಏಲಿ ಬಾರ್ಲಿ ಬಟಾಣಿ ರೊಟ್ಟಿ ಮುರಿದುಕೊಂಡು ಒಲೆ ಮುಂದೆ ಕೂತಳು.

"ಸಿಕ್ತು. ಟ್ವೀಡ್ ನದಿ ಪಕ್ಕ, ಲೀಥಮ್‌ಹಾ ಅಂತ. ಹದಿನೆಂಟು ಮೈಲಿ."

"ಹದಿನೆಂಟಾ?" ಇಸ್ಬೆಲ್ ಕೇಳಿದಳು.

"ಹತ್ತಿರದವರು ಯಾರೂ ಅಪ್ಪನ ಕಡೆ ನೋಡಲೇ ಇಲ್ಲ. ಮಧ್ಯಾಹ್ನದವರೆಗೂ ನಿಂತಿದ್ವಿ. ವಯಸ್ಸೆಷ್ಟು ಅನ್ನೋರು, ಹೋಗೋರು. ಸ್ಟಾಬ್‌ರಿಗ್ ಯಾಕೆ ಬಿಟ್ಟೆ ಅಂತ ಒಬ್ಬರು ಕೇಳಿದ್ರು. ಮಾತಾಡಿಸಲಿಲ್ಲ ಅಂದ ಅಪ್ಪ. ಆಮೇಲೆ ಅವರೂ ಮಾತಾಡಿಸಲಿಲ್ಲ." ಏಲಿ ನಗಲು ಹೋಗಿ ಬಿಟ್ಟಳು. "ಕೊನೆಗೆ ಈ ವುಡ್ ಅನ್ನೋರು ಬಂದ್ರು. ಅಪ್ಪನ್ನ ಬಿಟ್ಟು ನನ್ನನ್ನೇ ನೋಡಿದ್ರು. ಕೈ ತೋರಿಸು ಅಂದ್ರು. ಟರ್ನಿಪ್ ಎಷ್ಟು ಸಾಲು ಕೀಳ್ತೀಯ ಅಂದ್ರು. ಹಲ್ಲು ಎಣಿಸೋದೊಂದು ಬಾಕಿ. ಆಮೇಲೆ ಅಪ್ಪನ ಕೈಗೆ ಮುಂಗಡ ಅಂತ ಒಂದು ಶಿಲ್ಲಿಂಗ್ ಇಟ್ಟು ಕೈ ಕುಲುಕಿದ್ರು."

"ಮನೆ ಹೇಗಿದೆಯಂತೆ?"

"ಕೇಳಲಿಲ್ಲ ಅವ್ವ. ಕೇಳೋ ಹಾಗಿತ್ತಾ?"

ಕರಾರಾಗಿತ್ತು. ಶಿಲ್ಲಿಂಗ್ ಕೈಗೆ ಬಿದ್ದ ಮೇಲೆ ಹಿಂದೆ ಸರಿದವನ ಹೆಸರು ಅಲ್ಲಿಗೆ ಕೆಡುತ್ತದೆ. ಯಜಮಾನ ಹಟಕ್ಕೆ ಬಿದ್ದರೆ ಕೋರ್ಟಿಗೂ ಎಳೆಯಬಹುದು.

ಮಾರ್ಚ್ ಕೊನೆಯ ಶನಿವಾರ ಸಂಜೆ ಅವರು ಊಟಕ್ಕೆ ಕೂತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಕಾಲ್ಡರ್ ನಿಂತಿದ್ದ. ಅವನ ಹಿಂದೆ ಅಳತೆ ಪಟ್ಟಿ ಹಿಡಿದ ಗಾರೆಯವನು.

"ಊಟದ ಹೊತ್ತಿಗೆ ಬಂದೆ, ಕ್ಷಮಿಸಿ. ಒಂದು ನಿಮಿಷ. ಈ ಕಡೆ ಗೋಡೆ ಒಡೆದು ದೊಡ್ಡ ಕಿಟಕಿ ಇಡಿಸಬೇಕು ಅಂತಿದೀನಿ. ಅಜ್ಜಿ ಕುರ್ಚಿಗೆ ಬಿಸಿಲು ಬರತ್ತೆ. ಬಿತ್ತನೆ ಮುಗಿದ ಮೇಲೆ, ಜೂನ್‌ನಲ್ಲಿ ಶುರು ಮಾಡಿದ್ರೆ ನಿಮಗೆ ತೊಂದರೆ ಆಗಲ್ವಲ್ಲ?"

ಆಡಮ್ ಎದ್ದು ನಿಂತಿದ್ದ.

ಇಸ್ಬೆಲ್ ಹೇಳಿದಳು: "ಜೂನ್‌ನಲ್ಲಿ ನಾವಿಲ್ಲಿ ಇರಲ್ಲ ಸ್ವಾಮಿ. ಮೇ ತಿಂಗಳಿಗೆ ಹೊರಡ್ತೀವಿ."

"ಎಲ್ಲಿಗೆ?"

"ಲೀಥಮ್‌ಹಾಗೆ. ವುಡ್ ಅನ್ನೋರ ಹತ್ರ."

ಕಾಲ್ಡರ್ ಒಮ್ಮೆ ಅವಳನ್ನು, ಒಮ್ಮೆ ಆಡಮ್‌ನನ್ನು ನೋಡಿದ. "ಯಾಕೆ ಪರ್ವಿಸ್? ಇಲ್ಲಿ ಏನು ಕಮ್ಮಿ ಆಯ್ತು? ಹೇಳಬಾರದಿತ್ತಾ ನನಗೆ?"

"ನೀವು ಮಾತಾಡಿಸಲಿಲ್ಲ, ಸ್ವಾಮಿ," ಎಂದ ಆಡಮ್.

"ಏನಂತ ಮಾತಾಡಿಸಬೇಕಿತ್ತು?"

"ಫೆಬ್ರವರಿಯಲ್ಲಿ. ಮಿಕ್ಕ ಐದು ಜನರನ್ನ ಮಾತಾಡಿಸಿದ್ರಿ."

"ಅವರಿಗೆ ಹಸು ಇತ್ತು!" ಕಾಲ್ಡರ್‌ನ ಧ್ವನಿ ಏರಿತು. "ಬರೋ ವರ್ಷ ಹಸು ಮೇಯಿಸೋ ಹಕ್ಕಿನ ಬದಲು ಹಣ ತಗೋತೀರಾ ಅಂತ ಅವರನ್ನ ಕೇಳಬೇಕಿತ್ತು. ನಿಮ್ಮ ಹಸು ಹೋದ ವರ್ಷಾನೇ ಸತ್ತಿತ್ತು, ನೀವು ಆಗಲೇ ಹಣಕ್ಕೆ ಒಪ್ಪಿದ್ರಿ. ನಿಮ್ಮ ಹತ್ರ ಕೇಳೋದಕ್ಕೆ ನನಗೇನೂ ಇರಲಿಲ್ಲ. ನಮ್ಮಪ್ಪನ ಗೋದಾಮಿನಲ್ಲಿ ಹದಿನೈದು ವರ್ಷದಿಂದ ಅದೇ ಗಾಡಿಯವರು ಇದಾರೆ. ಹೋಗು ಅನ್ನೋವರೆಗೂ ಇರ್ತಾರೆ. ನಿಮಗೆ ಹೋಗು ಅಂತ ನಾನ್ಯಾವಾಗ ಹೇಳಿದೆ?"

"ಇಲ್ಲಿ ಇರು ಅಂತ ಹೇಳಬೇಕು ಸ್ವಾಮಿ," ಎಂದಳು ಬೀನಿ ಒಲೆ ಪಕ್ಕದಿಂದ. "ಹೋಗು ಅಂತ ಯಾರೂ ಹೇಳಲ್ಲ."

ಗಾರೆಯವನು ಮೆಲ್ಲಗೆ ಹೊರಗೆ ಸರಿದ. ಕಾಲ್ಡರ್ ಟೊಪ್ಪಿ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ.

"ಆ ಶಿಲ್ಲಿಂಗ್ ವಾಪಸ್ ಕೊಟ್ಟುಬಿಡಿ. ಬೇಕಾದ್ರೆ ನಾನೇ ವುಡ್‌ಗೆ ಬರೀತೀನಿ, ತಪ್ಪು ನನ್ನದು ಅಂತ. ನನ್ನ ಜಮೀನಿನಲ್ಲಿ ನೇಗಿಲ ಸಾಲು ನೆಟ್ಟಗೆ ಹೊಡೆಯೋ ಆಳು ನೀವೊಬ್ಬರೇ ಪರ್ವಿಸ್."

"ಕೈ ಕುಲುಕಿ ಆಗಿದೆ, ಸ್ವಾಮಿ," ಎಂದ ಆಡಮ್.

ಯಜಮಾನ ಹೋದ ಮೇಲೆ ಇಸ್ಬೆಲ್ ತಟ್ಟೆಗಳನ್ನು ತೆಗೆದಳು. ಒಂದನ್ನು ತೊಳೆದು, ಒರೆಸಿ, ಮತ್ತೆ ತೊಳೆದಳು.

"ಪಂಪಿನ ಹತ್ರ ಕಾಯ್ತಾ ನಿಂತಿದ್ರು," ಎಂದಳು. "ನಾನು ಒಂದು ಮಾತು ಕೇಳಿದ್ರೆ ಸಾಕಿತ್ತು. ಒಂದು ಮಾತು. ನೀನು ನನ್ನ ಬಾಯಿ ಕಟ್ಟಿಹಾಕಿದ್ದೆ."

"ಪಂಪಿನ ಹತ್ರ ಸಿಕ್ಕಿದಾಗ ನಾನಿನ್ನೂ ಏನೂ ಹೇಳಿರಲಿಲ್ಲ. ನೀನೇ ಕೇಳಲಿಲ್ಲ."

"ಹೇಳಬೇಕಿತ್ತಾ? ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿರಲಿಲ್ವಾ?"

"ಅವ್ವ, ಸಾಕು ಬಿಡು," ಎಂದಳು ಏಲಿ.

"ಯಾಕೆ ಸಾಕು? ಪತ್ರ ಬರೀತೀನಿ ಅಂತ ಅವರೇ ಬಾಯಿಬಿಟ್ಟು ಹೇಳಿದ್ರು. ಆಯ್ತು ಸ್ವಾಮಿ ಅನ್ನೋಕೆ ಇವನಿಗೆ ನಾಲಿಗೆ ಹೊರಳಲಿಲ್ಲ. ಮಗನಿಗಿಂತ ಕೈ ಕುಲುಕಿದ್ದು ದೊಡ್ಡದು."

ಆಡಮ್ ಕೋಟು ತೆಗೆದುಕೊಂಡು ಹೊರಗೆ ಹೋದ. ಅವನು ಗುಂಡಿ ತೋಡುವವನ ಜೊತೆ ನಿಂತು ಡೇವಿಯ ಪೆಟ್ಟಿಗೆಯ ಹಗ್ಗ ಹಿಡಿದು ಇಳಿಸಿದವನು. ಅದರ ಮಾತನ್ನು ಎರಡು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ.

ಮುಂದಿನ ಒಂದು ವಾರ ಗಂಡಹೆಂಡತಿ ಏಲಿಯ ಮೂಲಕ ಮಾತಾಡಿದರು. ಉಪ್ಪು ಕೊಡು ಅಂತ ಹೇಳು. ಸಾಬೂನು ಮುಗೀತು ಅಂತ ಹೇಳು. "ನನಗೂ ಕೂಲಿ ಕೊಡಿ ಇಬ್ಬರೂ," ಎಂದಳು ಏಲಿ. ಯಾರೂ ನಗಲಿಲ್ಲ.

ಏಪ್ರಿಲ್ ಎರಡನೆಯ ಗುರುವಾರ ಇಸ್ಬೆಲ್ ಯಾರಿಗೂ ಹೇಳದೆ ಸಾಮಾನು ಸಾಗಿಸುವವನ ಗಾಡಿ ಹತ್ತಿ ಲೀಥಮ್‌ಹಾಗೆ ಹೋದಳು. ಗೋಧಿ, ಬಟಾಣಿ ಬೆಳೆಯುವ ದೊಡ್ಡ ಜಮೀನು. ಆಳುಗಳ ಮನೆಗಳು ಒಂದೇ ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ವುಡ್ ಅವಳನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿಕೊಂಡೇ ಕೇಳಿದ. ಅರವತ್ತರ ಆಸುಪಾಸಿನ ಕೆಂಪು ಮುಖದ ಮನುಷ್ಯ, ಒರಟನಲ್ಲ. ಕರಾರಿನಿಂದ ಬಿಡಬೇಕೆಂದು ಅವಳು ಹೇಳುವುದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡ. ಡೇವಿಯ ವಿಷಯವನ್ನೂ ಹೇಳಿದಳು.

"ನಿನ್ನ ಗಂಡನಿಗೆ ಗೊತ್ತಾ ನೀನು ಬಂದಿರೋದು?"

"ಇಲ್ಲ ಸ್ವಾಮಿ."

"ನಿಮ್ಮನ್ನ ತಗೊಂಡ ಮೇಲೆ ಎರಡು ಸಂಸಾರಕ್ಕೆ ಇಲ್ಲ ಅಂದೆ ನಾನು. ಈಗ ಏಪ್ರಿಲ್ ಬಂತು. ಒಳ್ಳೆ ಹೆಣ್ಣಾಳು ಎಲ್ಲಿ ಸಿಗ್ತಾರೆ ಹೇಳು. ಎಲ್ಲಾ ಎಡಿನ್‌ಬರೋಗೆ ಮನೆಗೆಲಸಕ್ಕೆ ಓಡ್ತಿದಾರೆ." ವುಡ್ ಸ್ವಲ್ಪ ಯೋಚಿಸಿದ. "ನೇರ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹುಡುಗಿ ಇಲ್ದಿದ್ರೆ ನಿನ್ನ ಗಂಡನ್ನ ನಾನು ತಗೋತಿರಲಿಲ್ಲ. ಉಳೋಕೆ ಜನ ಸಿಗ್ತಾರೆ. ಅವನು ಅಲ್ಲೇ ಇರಲಿ, ಶಿಲ್ಲಿಂಗ್ ಕೂಡ ಇಟ್ಕೊಳ್ಳಲಿ. ಹುಡುಗೀನ ಕಳಿಸು. ನನ್ನ ಇನ್ನೊಬ್ಬ ಆಳು ಲಿಲ್ಲಿಗೆ ಹೆಣ್ಣಾಳು ಬೇಕು, ಅವನ ಮನೆಯಲ್ಲಿ ಇರ್ತಾಳೆ."

"ಅವರ ಮನೇಲಿ ಯಾರ್ಯಾರಿದಾರೆ?"

"ಗಂಡ, ಹೆಂಡತಿ, ಬೆಳೆದ ಮೂರು ಗಂಡುಮಕ್ಕಳು. ಒಂದು ಪರದೆ ಕಟ್ಕೊಡ್ತಾರೆ."

"ಯೋಚನೆ ಮಾಡಿ ಹೇಳ್ತೀನಿ," ಎಂದಳು ಇಸ್ಬೆಲ್.

ಗೇಟಿನವರೆಗೆ ನಡೆದಳು. ನಡೆಯುತ್ತಲೇ ಲೆಕ್ಕ ಹಾಕಿದಳು: ಸ್ಟಾಬ್‌ರಿಗ್‌ನಲ್ಲಿ ಹೆಣ್ಣಾಳಾಗಿ ತಾನೇ ಹೊಲಕ್ಕೆ ಇಳಿಯಬಹುದು, ನಲವತ್ತೈದು ವಯಸ್ಸು ಏನೂ ಅಲ್ಲ. ಏಲಿ ಬೇಡ ಎನ್ನುವವಳೂ ಅಲ್ಲ, ಕೇಳಿದರೆ ಹೋಗಿಬಿಡುತ್ತಾಳೆ. ಆಳುಗಳ ಮನೆ ಸಾಲಿನ ಮುಂದೆ ಒಬ್ಬ ಯುವಕ ಅಂಗಿ ಬಿಚ್ಚಿ ಬಕೆಟ್ಟಿನಲ್ಲಿ ತಲೆ ತೊಳೆದುಕೊಳ್ಳುತ್ತಿದ್ದ. ಇನ್ನೊಬ್ಬ ಬಾಗಿಲಿಗೆ ಒರಗಿ ಇವಳನ್ನೇ ನೋಡುತ್ತಿದ್ದ. ಒಳಗಿನಿಂದ ಯಾರೋ ಯಾರನ್ನೋ ಕೆಟ್ಟದಾಗಿ ಬೈಯುವುದು ಕೇಳಿಸುತ್ತಿತ್ತು. ಇಸ್ಬೆಲ್ ಗೇಟಿನ ಮೇಲೆ ಕೈಯಿಟ್ಟು ನಿಂತಳು, ಗಾಡಿಯವನು ಹೊತ್ತಾಯಿತು ಎಂದು ಕೂಗುವವರೆಗೂ. ಆಮೇಲೆ ತಿರುಗಿ ಅಡುಗೆಮನೆ ಬಾಗಿಲಿಗೆ ಹೋದಳು.

"ಎಲ್ಲರೂ ಬರ್ತೀವಿ ಸ್ವಾಮಿ," ಎಂದಳು.

"ಒಳ್ಳೇದು. ಇಪ್ಪತ್ತೆಂಟಕ್ಕೆ ಮೂರು ಗಾಡಿ ಕಳಿಸ್ತೀನಿ. ಸಾಮಾನು ಜಾಸ್ತಿ ಇದೆಯಾ?"

"ಎರಡು ಪೆಟ್ಟಿಗೆ ಮಂಚ, ಒಂದು ಹಂದಿ, ಒಂದು ಮುದುಕಿ."

ವುಡ್ ನಕ್ಕ. ಅವಳು ತಮಾಷೆಗೆ ಹೇಳಿರಲಿಲ್ಲ.

ಮನೆಗೆ ಬಂದಾಗ ಕತ್ತಲಾಗಿತ್ತು. ಆಡಮ್ ಬಾಗಿಲಲ್ಲೇ ನಿಂತಿದ್ದ. ಅವಳು ಗಾಡಿ ಹತ್ತಿದ್ದನ್ನು ನೋಡಿದವರಿಂದ ಸುದ್ದಿ ಮೊದಲೇ ತಲುಪಿತ್ತು.

"ಹೋಗಿದ್ದೆಯಾ?"

"ಹೋಗಿದ್ದೆ."

"ಏನಂದ್ರು?"

"ಆಗಲ್ಲ ಅಂದ್ರು."

ಆಡಮ್ ಬೈಯುತ್ತಾನೆ ಎಂದು ಏಲಿ ಕಾದಳು. ಅವನು ಬೈಯಲಿಲ್ಲ. ಇಸ್ಬೆಲ್‌ಳ ಒದ್ದೆ ಶಾಲನ್ನು ತೆಗೆದುಕೊಂಡು ಒಲೆ ಮೇಲಿನ ಹಗ್ಗಕ್ಕೆ ಹಾಕಿದ. ಗಂಜಿ ತಾನೇ ಬಡಿಸಿದ. ಮದುವೆಯಾದ ಮೇಲೆ ಅವನು ಬಡಿಸಿದ್ದು ಅದೇ ಮೊದಲು; ಬಟ್ಟಲು ತುಂಬಿ ಚೆಲ್ಲಿತು.

ಆಡಮ್, ಏಲಿ ಕುದುರೆಗಳಿಗೆ ಮೇವು ಹಾಕಲು ಹೋದ ಮೇಲೆ ಬೀನಿ ಕೇಳಿದಳು: "ಸುಮ್ಮನೆ ಆಗಲ್ಲ ಅಂದ್ರಾ?"

"ಹೂಂ."

"ಹುಡುಗೀನ ಬಿಟ್ಟು ಹೋಗು ಅಂದಿರ್ತಾರೆ."

ಇಸ್ಬೆಲ್ ಚೆಲ್ಲಿದ ಗಂಜಿಯನ್ನು ಒರೆಸತೊಡಗಿದಳು.

"ನನ್ನನ್ನ ಹದಿಮೂರನೇ ವಯಸ್ಸಿಗೇ ಹಾಗೆ ಬಿಟ್ಟು ಹೋದ್ರು ನಮ್ಮವ್ವ. ಬೇರೆಯವರ ಮನೆ, ಪರದೆ ಹಿಂದೆ." ಬೀನಿ ಒಲೆಗೆ ಕಟ್ಟಿಗೆ ದೂಡಿದಳು. "ಹೇಳಬೇಡ ಅವಳಿಗೆ. ಹೇಳಿದ್ರೆ ಹೋಗ್ತೀನಿ ಅಂತಾಳೆ."

"ಗೊತ್ತು ಅತ್ತೆ."

"ನನಗೆ ಒಂಚೂರು ಗಂಜಿ ಹಾಕು. ಅವನು ನನಗೆ ಹಾಕೋದನ್ನೇ ಮರೆತ."

ಹೊರಡುವ ಹಿಂದಿನ ದಿನ ಭಾನುವಾರ. ಪ್ರಾರ್ಥನೆಯಾದ ಮೇಲೆ ಇಸ್ಬೆಲ್ ಮೆಗ್ ಟೇಟ್‌ಳ ತೋಳು ಹಿಡಿದು ಉತ್ತರದ ಗೋಡೆಯ ಕಡೆ ಕರೆದುಕೊಂಡು ಹೋದಳು. ಅಲ್ಲಿ ಚಿಕ್ಕ ದಿಬ್ಬಗಳು ಆರೇಳು ಇದ್ದವು. ಹುಲ್ಲು ಒಂದೇ ಎತ್ತರಕ್ಕೆ ಬೆಳೆದಿತ್ತು.

"ಇದು ಡಿಕ್ಸನ್‌ರ ಕೂಸು. ಇದು ಯಾರದೋ ಗೊತ್ತಿಲ್ಲ, ನಾವು ಬರೋಕೆ ಮುಂಚಿನದು. ಇದು ಡೇವಿ. ಗೋಡೆಯಲ್ಲಿ ಈ ಕರೀ ಕಲ್ಲಿದೆ ನೋಡು, ಅದರ ನೇರಕ್ಕೆ."

"ಕರೀ ಕಲ್ಲಿನ ನೇರಕ್ಕೆ," ಎಂದಳು ಮೆಗ್.

"ಯಾರಾದ್ರೂ ಅಗೆಯೋಕೆ ಬಂದ್ರೆ ಹೇಳ್ತೀಯಾ?"

"ಹೇಳ್ತೀನಿ. ಅಗೆಯೋಕೆ ಬಿಡಲ್ಲ. ಕೂತ್ಬಿಡ್ತೀನಿ ಮೇಲೆ." ಮೆಗ್ ದಪ್ಪ ಹೆಂಗಸು. ಇಸ್ಬೆಲ್‌ಗೆ ಒಂದು ಕ್ಷಣ ನಗು ಬಂತು, ಆಮೇಲೆ ಅಳು ಬಂತು.

ಆಡಮ್ ಗೇಟಿನಲ್ಲಿ ಕಾಯುತ್ತಿದ್ದ. ಅವರು ಹತ್ತಿರ ಬಂದಾಗ ಟೊಪ್ಪಿ ತೆಗೆದು ಒಬ್ಬನೇ ಗೋಡೆಯ ಕಡೆ ನಡೆದ. ಕೇಳದೆಯೇ ಸರಿಯಾದ ದಿಬ್ಬದ ಮುಂದೆ ಹೋಗಿ ನಿಂತ. ಮಣ್ಣು ಮಾಡಿದ ದಿನದ ನಂತರ ಇಸ್ಬೆಲ್ ಅವನನ್ನು ಅಲ್ಲಿ ನೋಡಿದ್ದು ಅದೇ ಮೊದಲು. ಹುಲ್ಲು ಒಂದು ಕಡೆ ಬಾಗಿದ್ದುದನ್ನು ಅವನು ಕೈಯಿಂದ ನೇರ ಮಾಡುತ್ತಿದ್ದ, ಸಾಲು ನೋಡುವವನಂತೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಲೀಥಮ್‌ಹಾದ ಗಾಡಿಗಳು ಬಂದವು. ಮೊದಲ ಗಾಡಿಗೆ ಮಂಚದ ಹಲಗೆ, ಪಾತ್ರೆ. ಎರಡನೆಯದಕ್ಕೆ ಹಂದಿ, ಕೋಳಿ ಪಂಜರ. ಮೂರನೆಯದಕ್ಕೆ ಹುಲ್ಲು ಹಾಸಿ ಕುರ್ಚಿ ಸಮೇತ ಬೀನಿಯನ್ನು ಎತ್ತಿ ಕೂರಿಸಿದರು. ಕಾಲ್ಡರ್ ಬಂದು ಆಡಮ್‌ನ ಕೈ ಕುಲುಕಿದ. ಏಲಿಗೆ ಅರ್ಧ ಕ್ರೌನ್ ನಾಣ್ಯ ಕೊಟ್ಟ. ಇಸ್ಬೆಲ್‌ಗೆ ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. "ಕಿಟಕಿ..." ಎಂದು ಶುರು ಮಾಡಿ ನಿಲ್ಲಿಸಿದ.

"ಬರೋರಿಗೆ ಅನುಕೂಲ ಆಗತ್ತೆ ಸ್ವಾಮಿ," ಎಂದಳು ಅವಳು.

ಗಾಡಿಗಳು ಹಳ್ಳಿಯ ಮೂಲಕವೇ ಹೋಗಬೇಕಿತ್ತು. ಚರ್ಚಿನ ಹತ್ತಿರ ಆಡಮ್ ಕುದುರೆ ನಿಲ್ಲಿಸಲು ಹೋದ. "ಹೋಗಲಿ ನಡಿ," ಎಂದಳು ಇಸ್ಬೆಲ್. ದಾರಿಯುದ್ದಕ್ಕೂ ಎದುರಿನಿಂದ ಬೇರೆ ಗಾಡಿಗಳು ಬರುತ್ತಿದ್ದವು. ಮೇ ಇಪ್ಪತ್ತೆಂಟರಂದು ಅರ್ಧ ಜಿಲ್ಲೆ ರಸ್ತೆಯ ಮೇಲಿರುತ್ತದೆ. ಮಂಚ, ಮೇಜು, ಮಕ್ಕಳು. ಹೆಂಗಸರು ಒಬ್ಬರಿಗೊಬ್ಬರು ಎಲ್ಲಿಗೆ ಎಂದು ಕೂಗಿ ಕೇಳುತ್ತಿದ್ದರು, ಉತ್ತರ ಕೇಳಿಸುವ ಮೊದಲೇ ಗಾಡಿ ದಾಟಿಹೋಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಳೆ ಬಂತು. ಬೀನಿಗೆ ಎಣ್ಣೆಬಟ್ಟೆ ಹೊದಿಸಿದ್ದರೂ ಎದೆಗೆ ಶೀತ ಇಳಿಯಿತು. ಅದು ಹೋಗಲೇ ಇಲ್ಲ. ಆಗಸ್ಟ್‌ನಲ್ಲಿ ಕೊಯ್ಲು ಶುರುವಾದ ವಾರ ಸತ್ತಳು. ಅವಳನ್ನು ಲೀಥಮ್‌ಹಾ ಹಳ್ಳಿಯ ಚರ್ಚಿನಂಗಳದಲ್ಲಿ ಮಣ್ಣು ಮಾಡಿದರು. ಕೊಯ್ಲಿನ ಕಾಲವಾದ್ದರಿಂದ ವುಡ್ ಅರ್ಧ ದಿನವಷ್ಟೇ ರಜೆ ಕೊಟ್ಟ.

ಸ್ಟಾಬ್‌ರಿಗ್‌ನ ಮೆಗ್ ಟೇಟ್ ಕ್ರಿಸ್ಮಸ್ ಹೊತ್ತಿಗೆ ಸಾಮಾನು ಗಾಡಿಯವನ ಕೈಲಿ ಹೇಳಿ ಕಳಿಸಿದಳು: ಎಲ್ಲ ಇದ್ದ ಹಾಗೇ ಇದೆ, ಯಾರೂ ಮುಟ್ಟಿಲ್ಲ. ಮುಂದಿನ ವರ್ಷ ಜನವರಿಯಲ್ಲೇ ಕಾಲ್ಡರ್ ತನ್ನ ಆರೂ ಆಳುಗಳನ್ನು ಮನೆಮನೆಗೆ ಹೋಗಿ ಮಾತಾಡಿಸಿದ. ಆದರೆ ಟೇಟ್‌ಗೆ ಸಮುದ್ರದ ಕಡೆ ಇನ್ನೊಂದು ಜಮೀನಿನಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತ್ತು. ಆ ಮೇ ತಿಂಗಳು ಅವನೂ ಮೆಗ್‌ಳೂ ಸ್ಟಾಬ್‌ರಿಗ್ ಬಿಟ್ಟರು.